ಮಗ್ಗುಲು ಮನೆಯವರನ್ನು ಕೇಳಬೇಕು

ಯಲಬುರ್ಗಾದ ಆ ಓಣಿಯಲ್ಲಿ ಮನೆ ಮಾರುವವರು ಮೊದಲು ಮಗ್ಗುಲು ಮನೆಯವರನ್ನು ಕೇಳಬೇಕು. ಅದರಲ್ಲೂ ಎರಡು ಮನೆಗಳ ನಡುವೆ ಒಂದೇ ಗೋಡೆ ಇದ್ದರೆ ಕೇಳದೆ ಮಾರುವಂತೆಯೇ ಇಲ್ಲ. ಇದು ಯಾವ ಕಾನೂನಿನಲ್ಲಿದೆ ಎಂದರೆ ಯಾರಿಗೂ ಗೊತ್ತಿಲ್ಲ. ನಿಜಾಮರ ಕಾಲದಿಂದ ಬಂದದ್ದು ಎಂದು ಕೆಲವರು ಹೇಳುತ್ತಾರೆ. ರಿಜಿಸ್ಟರ್ ಆಫೀಸಿನಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಆದರೂ ಮಾರುವವನು ಒಂದು ದಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, "ಮನಿ ಕೊಡಬೇಕಂತ ಮಾಡೀವ್ರಿ, ನಿಮಗ ಬೇಕಾಗಿತ್ತೇನ್ರಿ?" ಎನ್ನಬೇಕು. ಮಗ್ಗುಲಿನವನು ಬೇಕು ಎಂದರೆ ಅವನಿಗೇ ಕೊಡಬೇಕು, ಬೇರೆ ಮಾತಿಲ್ಲ. ಆದರೆ ಯಾರೂ ಹಾಗೆ ಅನ್ನುವುದಿಲ್ಲ. "ನಮಗ ಬ್ಯಾಡ್ರಿ, ನೀವು ಸುಖವಾಗಿ ಕೊಡ್ರಿ" ಅನ್ನುತ್ತಾರೆ. ಒಂದು ಕಪ್ಪು ಚಹಾ ಮುಗಿಯುವಷ್ಟರಲ್ಲಿ ಮಾತೂ ಮುಗಿಯುತ್ತದೆ. ಕೇಳುವವನಿಗೂ ಉತ್ತರ ಗೊತ್ತು, ಹೇಳುವವನಿಗೂ ಗೊತ್ತು.

ಇಷ್ಟು ಸಲೀಸಾದ ಮಾತಿನಲ್ಲಿ ಉಮರಸಾಬ ಸಿಕ್ಕಿಹಾಕಿಕೊಂಡ. ಯಾರೂ ಅವನನ್ನು ಸಿಕ್ಕಿಸಲಿಲ್ಲ. ತಾನೇ ಹೋಗಿ ಸಿಕ್ಕ.

ಉಮರಸಾಬ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಕೊಪ್ಪಳ, ಕುಷ್ಟಗಿ, ಕನಕಗಿರಿ, ಗಂಗಾವತಿ ಅಂತ ಬದುಕಿನ ಅರ್ಧ ಭಾಗವನ್ನು ಜನರ ಮೊಣಕೈಗಳ ನಡುವೆ ಕಳೆದಿದ್ದ. ಹಿಂದೆ ಸರೀರಿ, ಒಳಗೆ ಹೋಗ್ರಿ, ಚಿಲ್ಲರೆ ಕೊಡ್ರಿ ಎಂದು ಕೂಗಿ ಕೂಗಿ ಗಂಟಲು ಒಡೆದು ಹೋಗಿತ್ತು. ಈ ಗದ್ದಲ ಯಾವಾಗ ತಪ್ಪೀತೋ ಎಂದು ದಿನಾಲೂ ಗೊಣಗುತ್ತಿದ್ದ. ರಿಟೈರ್ ಆದ ದಿನ ತಪ್ಪಿತು. ಒಂದೇ ಸಲಕ್ಕೆ, ಪೂರ್ತಿ ತಪ್ಪಿತು. ಹೆಂಡತಿ ಸೈದಾನಬಿ ಅದಕ್ಕೂ ಮೊದಲೇ ಕಣ್ಣು ಮುಚ್ಚಿದ್ದಳು. ಮಕ್ಕಳಿರಲಿಲ್ಲ. ಶುಕ್ರವಾರ ಮಸೀದಿಯಲ್ಲಿ ನಾಲ್ಕು ಜನ ಸಲಾಮು ಹೇಳುತ್ತಿದ್ದರು, ಆದರೆ ಆ ಸಲಾಮು ಮನೆಯ ತನಕ ಬರುತ್ತಿರಲಿಲ್ಲ. ಕೆಲವು ದಿನ ಹಾಲಿನ ಅಂಗಡಿಯವನಿಗೆ ಹೇಳುವ "ಒಂದು ಅರ್ಧ ಲೀಟರ್" ಬಿಟ್ಟರೆ ಬೇರೆ ಮಾತೇ ಬಾಯಿಂದ ಹೊರಡುತ್ತಿರಲಿಲ್ಲ. ಸಂಜೆ ಸುಮ್ಮನೆ ಕೆಮ್ಮಿದಾಗ ತನ್ನ ದನಿ ತನಗೇ ಹೊಸದಾಗಿ ಕೇಳುತ್ತಿತ್ತು. ಆಗ ಅವನಿಗೆ ಹೆದರಿಕೆ ಆಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಮಗ್ಗುಲು ಮನೆಯ ಕಳಕಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಕಳಕಪ್ಪ ಕುಷ್ಟಗಿಯಲ್ಲಿ ಹೈವೇ ಮಗ್ಗುಲಿಗೆ ಟೈರಿನ ಅಂಗಡಿ ಹಾಕಿದ್ದ, ವ್ಯಾಪಾರ ಕುದುರಿತ್ತು, ಹೆಂಡತಿ ಮಕ್ಕಳನ್ನು ಅಲ್ಲಿಗೇ ಕರೆದೊಯ್ದಿದ್ದ. ಇಷ್ಟು ವರ್ಷ ಒಂದೇ ಗೋಡೆಗೆ ಬೆನ್ನು ಹಚ್ಚಿ ಮಲಗಿದ್ದರೂ ಅವನು ಈ ಮನೆಯೊಳಗೆ ಬಂದು ಕೂತದ್ದು ಸೈದಾನಬಿ ತೀರಿಕೊಂಡಾಗ ಮಾತ್ರ. ಉಮರಸಾಬ ಗಡಬಡಿಸಿ ಕುರ್ಚಿಯ ಮೇಲಿನ ಬಟ್ಟೆ ತೆಗೆದ. ಚಹಾಕ್ಕೆ ಇಟ್ಟ. ಸಕ್ಕರೆ ಎರಡು ಸಲ ಹಾಕಿದ.

"ಮನಿ ಕೊಡಬೇಕಂತ ಮಾಡೀನಿ ಉಮರಸಾಬ್ರ," ಎಂದ ಕಳಕಪ್ಪ. "ಗಿರಾಕಿ ಬಂದಾರ. ಪದ್ಧತಿ ಪ್ರಕಾರ ನಿಮ್ಮನ್ನ ಕೇಳಬೇಕಲ್ರಿ. ನಿಮಗ ಬೇಕಾಗಿತ್ತೇನ್ರಿ?"

ಉತ್ತರ ಉಮರಸಾಬನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದ ಕೂಡಲೇ ಕಳಕಪ್ಪ ಎದ್ದು ಹೋಗುತ್ತಾನೆ, ಚಪ್ಪಲಿ ಮೆಟ್ಟುತ್ತಾನೆ, ಮುಗಿಯಿತು ಎಂಬುದೂ ಕಣ್ಣ ಮುಂದೆ ಬಂತು. ಬಾಯಿ ತೆರೆದ. ಬಂದದ್ದು ಬೇರೆಯೇ ಮಾತು.

"ಒಂದೆರಡು ದಿನ ಟೈಮ್ ಕೊಡ್ರಿ. ವಿಚಾರ ಮಾಡ್ತೀನಿ."

ಕಳಕಪ್ಪನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಈ ಪ್ರಶ್ನೆಗೆ ಇಂಥದೊಂದು ಉತ್ತರ ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಪಾಪ, ಇನ್ನೊಂದು ಕಪ್ಪು ಚಹಾ ಕುಡಿದು, ಅದೂ ಇದೂ ಮಾತಾಡಿ, ಮೆಲ್ಲಗೆ ಎದ್ದು ಹೋದ. ಅವನು ಹೋದ ಮೇಲೆ ಉಮರಸಾಬ ತನ್ನನ್ನು ತಾನೇ ಬೈದುಕೊಂಡ. ಎರಡು ಕೋಣೆಯ ಈ ಮನೆಯೇ ಅವನಿಗೆ ದೊಡ್ಡದಾಗಿತ್ತು. ಆ ಮನೆ ತೊಗೊಂಡು ಮಾಡುವುದೇನು? ನಾಳೆ ಹೋಗಿ ಬೇಡ ಅಂತ ಹೇಳಿಬಿಡಬೇಕು ಎಂದುಕೊಂಡ.

ಆದರೆ ಮರುದಿನ ಅವನು ಹೋಗುವ ಮೊದಲೇ ಜಮೀರ ಬಂದ. ಜಮೀರ ಮನೆ, ಪ್ಲಾಟು ಕೊಡಿಸುವ ದಲಾಲಿ. ಬಸ್ ಸ್ಟ್ಯಾಂಡಿನ ಎದುರು ಒಂದು ಟೇಬಲ್ಲು, ಒಂದು ಬೋರ್ಡು, ಮೂರು ಮೊಬೈಲು ಇಟ್ಟುಕೊಂಡು ಇಡೀ ತಾಲ್ಲೂಕನ್ನೇ ಮಾರುವ ಉತ್ಸಾಹದಲ್ಲಿದ್ದ.

"ಚಾಚಾ, ನಿಮಗ್ಯಾಕ್ರಿ ಎರಡು ಮನಿ?" ಎಂದ. "ಒಂದರಾಗ ಕೂಡಾಕ, ಇನ್ನೊಂದರಾಗ ಮಲಗಾಕೇನ್ರಿ?"

"ಅದನ್ನ ವಿಚಾರ ಮಾಡಾಕ ಹತ್ತೀನಪಾ. ಕೂಡು, ಚಹಾ ಕುಡಿ."

ಜಮೀರ ಕೂತ. ಕೂತವನು ಸೈಟುಗಳ ಸುದ್ದಿ, ಗಿಣಿಗೇರಿಯಲ್ಲಿ ಫ್ಯಾಕ್ಟರಿಯ ಧೂಳಿಗೆ ಹೆದರಿ ಮನೆ ಬಿಡುವವರ ಸುದ್ದಿ, ಗಂಗಾವತಿಯ ಕಾಲುವೆ ಮಗ್ಗುಲಿನ ರೇಟಿನ ಸುದ್ದಿ, ಎಲ್ಲ ಹೇಳಿದ. ಉಮರಸಾಬ ಕಿವಿಯಿಂದ ಕುಡಿದ. ಅವನಿಗೆ ಮನೆ ಮಾರಾಟದ ಸುದ್ದಿ ಬೇಕಾಗಿರಲಿಲ್ಲ, ಒಬ್ಬರು ಎದುರು ಕೂತು ಮಾತಾಡುವುದು ಬೇಕಾಗಿತ್ತು. ಜಮೀರ ಹೋದ ಮೇಲೆ ಅವನು ಬಜಾರಿಗೆ ಹೋಗಿ ಅರ್ಧ ಡಜನ್ ಕಪ್ಪು ತಂದ. ಬರುವಾಗ ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ಹೊತ್ತುಕೊಂಡು ಬಂದ. ಓಣಿಯವರು ನೋಡಿ, ಈ ಮುದುಕ ಖರೇನೇ ಮನೆ ತೊಗೊಳ್ಳುತ್ತಾನೆ ಕಾಣಿಸುತ್ತದೆ ಎಂದು ಮಾತಾಡಿಕೊಂಡರು.

ಆ ಕುರ್ಚಿಯಲ್ಲಿ ಮೊದಲು ಕೂತವಳು ಭವಾನಿ. ಅವಳೂ ಅವಳ ಗಂಡ ಕೊಟ್ರೇಶನೂ ಕಳಕಪ್ಪನ ಮನೆ ಕೊಳ್ಳಬೇಕೆಂದಿದ್ದವರು. ಕನಕಗಿರಿ ಕಡೆಯವರು, ಅವನು ತಹಶೀಲ್ದಾರ್ ಆಫೀಸಿನಲ್ಲಿ ಗುಮಾಸ್ತ, ಅವಳು ಇಲ್ಲಿಯ ಸಾಲೆಯಲ್ಲಿ ಟೀಚರ್. ಬಾಡಿಗೆ ಮನೆಯ ಮಾಲಿಕ ಮಗನ ಮದುವೆ ಇದೆ, ಖಾಲಿ ಮಾಡಿ ಎಂದು ಗಂಟು ಬಿದ್ದಿದ್ದ. ಭವಾನಿಗೆ ದಿನ ತುಂಬುತ್ತಾ ಬಂದಿತ್ತು. ಹೆರಿಗೆಯ ಮೊದಲು ಸ್ವಂತ ಸೂರಿನಡಿ ಸೇರಬೇಕು ಎಂಬುದೊಂದೇ ಅವಳ ಹಟ. ದುಂಬಾಲು ಬೀಳಲು ಬಂದವಳು ಹಾಗೆ ಬೀಳದೆ, ಕುರ್ಚಿಯಲ್ಲಿ ಸುಧಾರಿಸಿಕೊಂಡು ಕೂತು ಬೇರೆಯೇ ಒಂದು ಮಾತು ಕೇಳಿದಳು.

"ಚಾಚಾ, ನೀವು ತೊಗೋತೀರೋ ಬಿಡ್ತೀರೋ ಆಮ್ಯಾಲ ನೋಡೂಣು. ಇಷ್ಟು ವರ್ಷ ಮಗ್ಗಲದಾಗ ಅದೀರಿ. ಆ ಮನಿ ಹೆಂಗೈತ್ರಿ, ಖರೇ ಹೇಳ್ರಿ."

ಉಮರಸಾಬನನ್ನು ಯಾರಾದರೂ ಏನಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಅವನ ಮುಖವೇ ಬೇರೆಯಾಯಿತು. ಎದ್ದು ನಿಂತು, ಕೈ ಬೀಸಿ ಹೇಳತೊಡಗಿದ. ಇದು ಎರೆಭೂಮಿ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ, ಮೇಲಿನ ಮನೆ ಅದರ ಜೊತೆ ಅಲುಗಾಡುತ್ತದೆ. ಮಳೆಗಾಲದಲ್ಲಿ ಮನೆ ನೋಡಿದವರು ಮೋಸ ಹೋದಂತೆಯೇ, ಆಗ ಬಿರುಕೆಲ್ಲ ಮುಚ್ಚಿಕೊಂಡಿರುತ್ತದೆ. ಹೊಸದಾಗಿ ಬಣ್ಣ ಬಳಿದ ಗೋಡೆ ಕಂಡರೆ ಖುಷಿ ಪಡಬಾರದು, ಸಂಶಯ ಪಡಬೇಕು. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಹೋದ ಬಿರುಕು ಇದ್ದರೆ ಅದು ಪಾಯದ ತೊಂದರೆ, ಕೂದಲೆಳೆಯಂಥವಕ್ಕೆ ಹೆದರಬೇಕಾಗಿಲ್ಲ. ಮನೆಯನ್ನು ಬೆಳಿಗ್ಗೆ ತಂಪು ಹೊತ್ತಿನಲ್ಲಿ ನೋಡಿ ಬರಬಾರದು. ನಡು ಮಧ್ಯಾಹ್ನ ಹೋಗಿ ಪಡುವಣದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಬೇಕು. ಬೋರಿನ ನೀರು ಒಂದು ಕೊಡ ಒಯ್ದು ತೊಗರಿಬೇಳೆ ಬೇಯಿಸಬೇಕು. ಬೇಳೆ ಬೇಯದಿದ್ದರೆ ಆ ನೀರು ಬರೀ ಬಟ್ಟೆಗೆ.

"ಕಳಕಪ್ಪನ ಮನ್ಯಾಗ ಬ್ಯಾಳಿ ಬೇಯ್ತಾವ," ಎಂದ. "ಆದ್ರ ಹಿತ್ತಲದ ಗಟಾರ ದೊಡ್ಡ ಮಳಿಗೆ ಉಲ್ಟಾ ಬರ್ತೈತಿ. ಅದನ್ನ ಮಾಡಿಸಿಕೊಟ್ಟ ಮ್ಯಾಲೇ ತೊಗೋಬೇಕು. ಇನ್ನೊಂದು ಮಾತೈತವ್ವಾ. ಆ ಮನಿ ಕಳಕಪ್ಪ ಕಟ್ಟಿಸಿದ್ದಲ್ಲ, ಅವರಪ್ಪ ಕಟ್ಟಿಸಿದ್ದು. ಅವನ ತಂಗಿ ಗಂಗಾವತ್ಯಾಗ ಅದಾಳ. ಉತಾರದ ಕಾಗದದಾಗ ಇವನ ಹೆಸರೊಂದ ಐತಿ ಅಂತ ನಂಬಬ್ಯಾಡ್ರಿ. ಆಕಿ ಸಹಿ ಇಲ್ದ ಒಂದ ಹೆಜ್ಜಿ ಮುಂದ ಇಡಬ್ಯಾಡ್ರಿ. ನಾಳೆ ಆಕಿ ಮಕ್ಕಳು ಕೋರ್ಟಿಗೆ ಹೋದ್ರ ನಿಮ್ಮ ಕೂಸು ದೊಡ್ಡದಾದ್ರೂ ಕೇಸು ಮುಗಿಯೂದಿಲ್ಲ."

ಭವಾನಿ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಹೋಗುವಾಗ, "ನಮ್ಮಪ್ಪ ಇದ್ದಿದ್ರ ಹಿಂಗ ಹೇಳ್ತಿದ್ದ ನೋಡ್ರಿ," ಎಂದಳು. ಆ ಮಾತನ್ನು ಉಮರಸಾಬ ಅನ್ನ ಉಣ್ಣುವಾಗಲೂ ನೆನೆಸಿಕೊಂಡ.

ಅವಳು ಹೋಗಿ ಕಳಕಪ್ಪನಿಗೆ ತಂಗಿಯ ಸಹಿ ಬೇಕು ಎಂದು ಪಟ್ಟು ಹಿಡಿದಳು. ಕಳಕಪ್ಪ ತಲೆ ಚಚ್ಚಿಕೊಂಡು ಗಂಗಾವತಿಗೆ ಓಡಾಡಿದ. ತಂಗಿ ತವರಿನಿಂದ ತನಗೆ ಬರಬೇಕಾದ್ದನ್ನೆಲ್ಲ ನೆನಪು ಮಾಡಿಕೊಂಡು, ವಸೂಲಿ ಮಾಡಿಕೊಂಡು ಸಹಿಗೆ ಒಪ್ಪಿದಳು. ಈ ನಡುವೆ ಉಮರಸಾಬನ ಮನೆ ಚಾವಡಿಯಾಯಿತು. ಗಟಾರದ ಮಾತಿಗೆ ಕಳಕಪ್ಪ ಬಂದ, ಕಳಕಪ್ಪನ ಮೇಲಿನ ದೂರು ಹೇಳಲು ಜಮೀರ ಬಂದ, ಜಮೀರನ ಮೇಲಿನ ದೂರು ಹೇಳಲು ಕೊಟ್ರೇಶ ಬಂದ. ಬಂದವರೆಲ್ಲ ಕೊನೆಗೆ, "ಏನು ವಿಚಾರ ಮಾಡಿದ್ರಿ?" ಎಂದು ಕೇಳುತ್ತಿದ್ದರು. "ಮಾಡಾಕ ಹತ್ತೀನಿ," ಎನ್ನುತ್ತಿದ್ದ ಉಮರಸಾಬ. ಹೇಳುವಾಗ ನಾಚಿಕೆ ಆಗುತ್ತಿತ್ತು. ಆದರೆ ಬೆಳಿಗ್ಗೆ ಎದ್ದು ಇವತ್ತು ಯಾರು ಬರುತ್ತಾರೋ ಎಂದು ಅಂಗಳ ಗುಡಿಸುವ ಸುಖ ಆ ನಾಚಿಕೆಗಿಂತ ದೊಡ್ಡದಾಗಿತ್ತು.

ಕೊನೆಗೆ ಜಮೀರನಿಗೆ ರೇಗಿತು. ಎಲ್ಲರ ಎದುರಿಗೇ ಹೇಳಿಬಿಟ್ಟ. "ಚಾಚಾ, ಕಾಯ್ದೇದಾಗ ನಿಮ್ಮ ಮಾತೇನೂ ಬೇಕಾಗಿಲ್ರಿ. ಮರ್ಯಾದಿಗೆ ಕೇಳಾಕ ಹತ್ತೀವಿ. ಸೋಮವಾರ ರಿಜಿಸ್ಟರ್ ಮಾಡಿಸಿಬಿಡ್ತೀನಿ, ನೀವು ವಿಚಾರ ಮಾಡಕೋತ ಕೂಡ್ರಿ."

 ಆದರೆ ಭವಾನಿ ಒಪ್ಪಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತು, "ಗ್ವಾಡಿ ಆ ಕಡಿ ಇರೋರ ಮನಸ್ಸು ನೋಯಿಸಿ ನಾವು ಈ ಕಡಿ ಹೆಂಗಿರೂದು?" ಎಂದಳು. "ಚಾಚಾ ಹೂಂ ಅಂದ್ರ ಬರ್ತೀವಿ. ಇಲ್ಲಂದ್ರ ಬ್ಯಾಡ, ಎಲ್ಲೆರ ಬಾಡಿಗಿ ನೋಡೂಣು."

ಅವಳ ಕಾಲುಗಳು ಬಾತಿದ್ದವು. ಉಮರಸಾಬ ಅದನ್ನು ನೋಡಿದ. ತಾನು ಎಂಥ ಆಟ ಆಡುತ್ತಿದ್ದೇನೆ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹಾಗೆಯೇ ಇನ್ನೊಂದು ವಿಚಾರವೂ ಬಂತು. ಇವಳು ಬಂದರೆ ತನಗೇನು ನಷ್ಟ? ಇಂಥವಳು ಮಗ್ಗುಲಿಗಿದ್ದರೆ, ಚಾಚಾ ಚಾಚಾ ಅನ್ನುತ್ತಾ ಕೂಸನ್ನು ಎತ್ತಿಕೊಂಡು ದಿನಾಲೂ ಬರುತ್ತಾಳೆ. ಮನೆ ವ್ಯವಹಾರಕ್ಕಾಗಿ ಬರುವ ಜನರಿಗಿಂತ ಅದು ಎಷ್ಟೋ ಛಲೋ.

"ನನಗ ಬ್ಯಾಡವ್ವಾ," ಎಂದ. "ನೀವು ಸುಖವಾಗಿ ತೊಗೋರಿ."

ಎಲ್ಲರ ಮುಖ ಅರಳಿತು. ಅವತ್ತು ಕುಡಿದ ಚಹಾಕ್ಕೆ ಲೆಕ್ಕವಿಲ್ಲ. ಆಮೇಲೆ ರಿಜಿಸ್ಟರ್ ಆಯಿತು, ಹಾಲು ಉಕ್ಕಿಸಿದರು, ಉಮರಸಾಬನನ್ನು ಕರೆದು ಕೂರಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದರು. ಜಮೀರ ತನ್ನ ಪಾಲು ತೊಗೊಂಡು ಇನ್ನೊಂದು ಮನೆಯ ಹಿಂದೆ ಹೋದ. ಕಳಕಪ್ಪ ಕುಷ್ಟಗಿಗೆ ಹೋದವನು ಮತ್ತೆ ಈ ಕಡೆ ತಿರುಗಿ ನೋಡಲಿಲ್ಲ, ನೋಡುವ ಕಾರಣವೂ ಇರಲಿಲ್ಲ.

ಭವಾನಿಗೆ ಹೆಣ್ಣು ಕೂಸು ಹುಟ್ಟಿತು. ಅವಳ ತಾಯಿ ಅನ್ನಮ್ಮ ಬಾಣಂತನಕ್ಕೆಂದು ಬಂದು ಅಲ್ಲಿಯೇ ಉಳಿದಳು. ಅತ್ತೆಯೂ ಬಂದಳು. ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಈ ಮನೆಯಲ್ಲಿ ಕಾಲಿಡುವವರಿರಲಿಲ್ಲ. ಗೋಡೆಯ ಆ ಕಡೆಯಿಂದ ಕೂಸಿನ ಅಳು, ಕುಕ್ಕರಿನ ಸೀಟಿ, ಇಬ್ಬರು ಬೀಗಿತ್ತಿಯರ ಮುಸುಕಿನ ಜಗಳ, ಎಲ್ಲ ಉಮರಸಾಬನಿಗೆ ಕೇಳುತ್ತಿತ್ತು. ಕೂಸು ಬಹಳ ಹೊತ್ತು ಅತ್ತರೆ ಅವನು ಇಲ್ಲಿ ಎದ್ದು ನಿಲ್ಲುತ್ತಿದ್ದ. ಎದ್ದು ಮಾಡುವುದೇನು ಎಂದು ಮತ್ತೆ ಕೂರುತ್ತಿದ್ದ.

ಅವರು ಕೆಟ್ಟವರಲ್ಲ. ಕೊಟ್ರೇಶ ಗಾಡಿ ಚಾಲೂ ಮಾಡುತ್ತಾ, "ಬರ್ರಿ ಚಾಚಾ ಒಮ್ಮಿ ಮನಿಗೆ," ಎನ್ನುತ್ತಿದ್ದ. ಮಾತು ಮುಗಿಯುವಷ್ಟರಲ್ಲಿ ಗಾಡಿ ಓಣಿಯ ತಿರುವಿನಲ್ಲಿರುತ್ತಿತ್ತು. ಭವಾನಿ ಸಾಲೆಗೆ ಹೋಗಲು ಶುರು ಮಾಡಿದ ಮೇಲೆ ಬೆಳಿಗ್ಗೆ ಓಡುತ್ತಾ ಕೈ ಎತ್ತುತ್ತಿದ್ದಳು, ಸಂಜೆ ಓಡುತ್ತಾ ಕೈ ಎತ್ತುತ್ತಿದ್ದಳು. ಬಾಣಂತಿ, ಕೂಸು, ಹೆಂಗಸರು ತುಂಬಿದ ಮನೆಗೆ ಒಂಟಿ ಗಂಡಸು ಸುಮ್ಮಸುಮ್ಮನೆ ಹೋಗಿ ಕೂರಲು ಬರುತ್ತದೆಯೇ? ಏನಾದರೂ ಕೆಲಸ ಬೇಕು, ಒಂದು ನೆಪ ಬೇಕು. ಸಕ್ಕರೆ ಕೇಳಲು ಅವನಿಗೆ ಮನಸ್ಸಿರಲಿಲ್ಲ. ಹೀಗೆಯೇ ಮಳೆಗಾಲ ಬಂದು ಹೋಯಿತು, ಸಜ್ಜೆ ಕಟಾವಾಯಿತು. ಅವನ ಅರ್ಧ ಡಜನ್ ಕಪ್ಪುಗಳ ಮೇಲೆ ಧೂಳು ಕೂತಿತು.

ಒಂದು ದಿನ ಅವನಿಗೆ ನೆಪ ಹೊಳೆಯಿತು. ಹೊಳೆದದ್ದೇ ತಡ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ತೊಡೆ ತಟ್ಟಿಕೊಂಡ. ಮನೆ ಮಾರುತ್ತೇನೆ ಎಂದು ಹೋಗಿ ಕೇಳುವುದು! ಪದ್ಧತಿಯ ಪ್ರಕಾರ ಕೇಳಲು ಬಂದವನನ್ನು ಒಳಗೆ ಕರೆಯಲೇಬೇಕು, ಕೂರಿಸಲೇಬೇಕು, ಚಹಾ ಕೊಡಲೇಬೇಕು. ತನಗೆ ಮಾರುವುದೇನೂ ಇಲ್ಲ. ಆದರೆ ಕೇಳಿದ ಕೂಡಲೇ ಆ ಹುಡುಗಿ ಗಾಬರಿಯಾಗುತ್ತಾಳೆ. ಯಾಕ್ರಿ ಚಾಚಾ, ಎಲ್ಲಿಗೆ ಹೋಗ್ತೀರಿ, ನಮ್ಮನ್ನ ಬಿಟ್ಟು ಹೋಗಬ್ಯಾಡ್ರಿ ಎನ್ನುತ್ತಾಳೆ. ಕೊಟ್ರೇಶನೂ ಎನ್ನುತ್ತಾನೆ. ತಾನು ಒಂದಿಷ್ಟು ದಿನ ಬಿಗುಮಾನ ಮಾಡಬೇಕು, ಅವರು ಬಂದು ಬಂದು ಹೇಳಬೇಕು. ಕೊನೆಗೆ, ನೀವು ಅಷ್ಟು ಹೇಳುತ್ತೀರಿ ಅಂದರೆ ಇರುತ್ತೇನೆ ಬಿಡ್ರಿ ಎನ್ನಬೇಕು. ಆಮೇಲೆ ಬಂದು ಹೋಗುವ ರೂಢಿ ತಾನಾಗಿಯೇ ಬೀಳುತ್ತದೆ. ಇಷ್ಟೂ ಲೆಕ್ಕ ಹಾಕಿದ ಮನುಷ್ಯ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

ರವಿವಾರ ಬೆಳಿಗ್ಗೆ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು, ಗಡ್ಡ ಬಾಚಿಕೊಂಡು, ಅವರ ಬಾಗಿಲಲ್ಲಿ ಚಪ್ಪಲಿ ಬಿಟ್ಟ.

ಅಂದುಕೊಂಡ ಹಾಗೆಯೇ ಒಳಗೆ ಕರೆದರು. ಕೂರಿಸಿದರು. ಅನ್ನಮ್ಮ ಚಹಾದ ಜೊತೆ ಅವಲಕ್ಕಿ ಕೊಟ್ಟಳು. ಭವಾನಿ ಕೂಸನ್ನು ತಂದು ತೋರಿಸಿದಳು. ಕೂಸು ಅವನ ಬೆರಳು ಹಿಡಿಯಿತು, ಹಿಡಿದು ಬಿಡಲೇ ಇಲ್ಲ.  ಇನ್ನು ಸುಮ್ಮನೆ ಎದ್ದು ಹೋದರೂ ಸಾಕಿತ್ತು. ಆದರೆ ಕೊಟ್ರೇಶ, "ಏನು ಚಾಚಾ, ಏನರ ಕೆಲಸಿತ್ತೇನ್ರಿ?" ಎಂದು ಕೇಳಿದ. ಕೆಲಸ ಇಲ್ಲದೆ ಬಂದೆ ಎಂದು ಹೇಗೆ ಹೇಳುವುದು?

"ಮನಿ ಕೊಡಬೇಕಂತ ಮಾಡೀನ್ರಿ," ಎಂದ. "ಪದ್ಧತಿ ಪ್ರಕಾರ ನಿಮ್ಮನ್ನ ಕೇಳಬೇಕಲ್ಲ. ನಿಮಗ ಬೇಕಾಗಿತ್ತೇನ್ರಿ?"

 ಭವಾನಿಯ ಮುಖದಲ್ಲಿ ಗಾಬರಿ ಕಂಡಿತು, ಅವನು ಬಯಸಿದಂಥದೇ. "ಯಾಕ್ರಿ ಚಾಚಾ?" ಎಂದಳು.

ಅಲ್ಲಿಯೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಮಾರುವುದಕ್ಕೆ ಒಂದು ಕಾರಣ ಬೇಡವೇ, ಇಲ್ಲದಿದ್ದರೆ ನಂಬುತ್ತಾರೆಯೇ ಎಂದು ಅವನಿಗೆ ಅನ್ನಿಸಿತು. "ನನ್ನ ಅಣ್ಣನ ಮಗ ಅಸ್ಲಮ ಗಂಗಾವತ್ಯಾಗ ಅದಾನ," ಎಂದ. "ಒಬ್ಬನ ಯಾಕ ಇರ್ತಿ ಕಾಕಾ, ನಮ್ಮ ಮನಿಗೆ ಬಾ ಅಂತ ದಿನಾ ಫೋನ್ ಮಾಡ್ತಾನ."

ಅಸ್ಲಮ ಇದ್ದದ್ದು ನಿಜ. ಅವನ ಫೋನು ಬಂದು ಯಾವ ಕಾಲವಾಗಿತ್ತೋ.

ಭವಾನಿಯ ಗಾಬರಿ ಇಳಿದು ಹೋಯಿತು. ಅದು ಇಳಿಯುವುದನ್ನು ಉಮರಸಾಬ ಕಣ್ಣಾರೆ ಕಂಡ. "ಛಲೋ ಆತು ಬಿಡ್ರಿ ಚಾಚಾ," ಎಂದಳು, ಮನಸಾರೆ. "ನೀವು ಒಬ್ಬರ ಇರೂದು ನೋಡಿ ನನಗ ಭಾಳ ಕೆಟ್ಟ ಅನಸ್ತಿತ್ತು. ಈ ವಯಸ್ಸಿನ್ಯಾಗ ನಮ್ಮೋರು ಅಂತ ಮಗ್ಗಲಿಗೆ ಇರಬೇಕ್ರಿ." ಗಂಡನ ಕಡೆ ತಿರುಗಿ ನೋಡಿದಳು. ಕೊಟ್ರೇಶ ಮೊದಲೇ ಅವಳ ಕಡೆ ನೋಡುತ್ತಿದ್ದ. ಅವರಿಬ್ಬರೂ ಜಾಗ ಸಾಲದೆ ಎಷ್ಟು ಸಲ ಈ ಮಾತಾಡಿಕೊಂಡಿದ್ದರೋ ಏನೋ.

"ಬೇಕ್ರಿ ಚಾಚಾ," ಎಂದ ಕೊಟ್ರೇಶ. "ನಮಗ ಬೇಕು. ನೀವು ಹೇಳಿದ ರೇಟಿಗೆ ಬೇಕು. ಯಾರಿಗೂ ಕೊಡಬ್ಯಾಡ್ರಿ."

ಕೇಳಿದ ಮೇಲೆ, ಬೇಕು ಎಂದವರಿಗೆ ಇಲ್ಲ ಎನ್ನುವಂತಿಲ್ಲ. ಇಲ್ಲ ಎನ್ನಬೇಕಾದರೆ ಬಂದದ್ದು ಯಾಕೆ ಎಂದು ಹೇಳಬೇಕು. ಉಮರಸಾಬ ಬಾಯಿ ತೆರೆದ. ನಿಮ್ಮ ಜೊತೆ ಕೂರಬೇಕು ಅನ್ನಿಸಿತು, ಅದಕ್ಕೆ ಬಂದೆ ಎಂಬ ಮಾತು ಅಷ್ಟು ಜನರ ನಡುವೆ ಹೊರಡಲಿಲ್ಲ. ತಾಟಿನಲ್ಲಿ ಉಳಿದಿದ್ದ ಅವಲಕ್ಕಿಯನ್ನು ಬಾಯಿಗೆ ಹಾಕಿಕೊಂಡ.

ಆಗಲೇ ನೋಡಿ ಬರೋಣ ಎಂದು ಎಲ್ಲರೂ ಎದ್ದರು. ಕೊಟ್ರೇಶ ಟೇಪು ಹಿಡಿದುಕೊಂಡ, ಅತ್ತೆ ಸೆರಗು ಸಿಕ್ಕಿಸಿಕೊಂಡಳು, ಅನ್ನಮ್ಮ ಕೂಸನ್ನು ಎತ್ತಿಕೊಂಡಳು. ಉಮರಸಾಬನ ಮನೆ ತುಂಬಿ ಹೋಯಿತು. ಎರಡು ಕೋಣೆಯಲ್ಲೂ ಮಾತು, ಹೆಜ್ಜೆ, ಕೂಸಿನ ಕೇಕೆ. ಕೊಟ್ರೇಶ ನಡುಗೋಡೆ ತಟ್ಟಿ, "ಇಲ್ಲೊಂದು ಬಾಗಲಾ ಒಡದ್ರ ಎರಡೂ ಒಂದ ಮನಿ ಆಗ್ತಾವು," ಎಂದ. ಭವಾನಿ ಹಿತ್ತಲಿನ ಕೋಣೆ ಸೋರುತ್ತದೆಯೇ ಎಂದು ಕೇಳಿದಳು. ಸೋರುತ್ತದೆ, ಆ ಮೂಲೆಯಲ್ಲಿ, ಛತ್ತಿಗೆ ಸಿಮೆಂಟ್ ಮಾಡಿಸಬೇಕು ಎಂದು ಉಮರಸಾಬ ಇದ್ದದ್ದು ಇದ್ದ ಹಾಗೆ ಹೇಳಿದ. ಕೇಳಿದ್ದಕ್ಕೆಲ್ಲ ಹೇಳಿದ. ಮನೆಯ ಬಗ್ಗೆ ಅವರು ಕೇಳದೆ ಬಿಟ್ಟದ್ದು ಒಂದೂ ಇರಲಿಲ್ಲ.

ಅನ್ನಮ್ಮ ಕೂಸನ್ನು ತಟ್ಟುತ್ತಾ ಅವನ ಹತ್ತಿರ ಬಂದಳು. "ಯಾವಾಗ ಖಾಲಿ ಮಾಡ್ತೀರಿ ಅಣ್ಣಾರ?" ಎಂದು ಕೇಳಿದಳು.

ಉಮರಸಾಬ ಭವಾನಿಯ ಕಡೆ ನೋಡಿದ. ಅವಳೂ ನಗುಮುಖದಿಂದ ಅವನ ಉತ್ತರಕ್ಕೇ ಕಾಯುತ್ತಿದ್ದಳು.

"ನೀವು ಯಾವಾಗ ಅಂತೀರಿ ಆವಾಗ," ಎಂದ. "ನಂದೇನೈತ್ರಿ, ಒಬ್ಬನ ಸಾಮಾನು."